ಹಳೆಯ ಕಾರಿನ ಮುಂಗಾಲಿಗಳ ಓರೆ: ಕಾರಣ ಗುರುತಿಸುವ ಬಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ರೈತರ ಮನೆಯಂಗಳದಲ್ಲಿ ಚಕ್ಕಡಿ, ಟ್ರ್ಯಾಕ್ಟರುಗಳ ಪಕ್ಕದಲ್ಲಿ ಒಂದು ಹಳೆಯ ಕಾರು ನಿಂತಿರುವುದು ಇಂದು ಅಪರೂಪವಲ್ಲ. ಇವುಗಳಲ್ಲಿ ಹೆಚ್ಚಿನವು ಎರಡು ಮೂರು ಕೈ ಬದಲಾಗಿ ಬಂದವು. 1983ರ ಡಿಸೆಂಬರಿನಿಂದ 2014ರ ಜನವರಿಯವರೆಗೆ ತಯಾರಾದ ಮಾರುತಿ 800, ಅದೇ 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್, ಪಟ್ಟಿ ಸ್ಪ್ರಿಂಗಿನ ಹಳೆಯ ಜೀಪು ಇವೆಲ್ಲ ಇನ್ನೂ ಹಳ್ಳಿಗಳಲ್ಲಿ ಓಡಾಡುತ್ತಿವೆ. ಬಿತ್ತನೆ ಬೀಜ ತರುವುದಕ್ಕೂ ಅದೇ ಕಾರು, ನಡುರಾತ್ರಿ ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಒಯ್ಯುವುದಕ್ಕೂ ಅದೇ ಕಾರು. ಅಂಥ ಹೊತ್ತಿನಲ್ಲಿ ಗಾಡಿ ಹಿಡಿತಕ್ಕೆ ಸಿಗದೆ ಎದುರಿನ ಲಾರಿಯ ಕಡೆಗೆ ಎಳೆಯತೊಡಗಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಮುಂದಿನ ಟೈರು ಒಂದು ಅಂಚಿನಲ್ಲಿ ಸವೆದಿದೆ ಅಥವಾ ಗಾಡಿ ಒಂದು ಬದಿಗೆ ಹೋಗುತ್ತದೆ ಎಂದೊಡನೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಅಲೈನ್‌ಮೆಂಟ್ ಮಾಡಿಸಿ. ಹಣ ಕೊಟ್ಟು ಮಾಡಿಸಿದ ಮೇಲೂ ಎರಡು ತಿಂಗಳಲ್ಲಿ ಟೈರು ಮತ್ತೆ ಸವೆಯುತ್ತದೆ. ಗಂಗಾವತಿಯ ಭತ್ತದ ಗದ್ದೆಯಲ್ಲಿ ಸತುವಿನ ಕೊರತೆಯಿಂದ ಎಲೆಯ ಮೇಲೆ ಕಂದು ಚುಕ್ಕೆ ಬಂದಾಗ ಯೂರಿಯಾ ಸುರಿದರೆ ಹೇಗೆ ಬೆಳೆ ಚೇತರಿಸುವುದಿಲ್ಲವೋ, ಇದೂ ಹಾಗೆಯೇ. ಹಳೆಯ ಕಾರಿನಲ್ಲಿ ಗಾಲಿಯ ಓರೆಗೆ ಮೊದಲು ಸಂಶಯಿಸಬೇಕಾದದ್ದು ತಿರುಪಿನ ಹೊಂದಾಣಿಕೆಯನ್ನಲ್ಲ, ಸಂದುಗಳ ಸಡಿಲವನ್ನು. ಸಡಿಲವಿದ್ದ ಗಾಲಿಯನ್ನು ಎಷ್ಟು ಸರಿಯಾಗಿ ಅಳೆದು ಕೂರಿಸಿದರೂ ರಸ್ತೆಗಿಳಿದ ಕೂಡಲೇ ಅದು ತನ್ನ ಹಳೆಯ ಜಾಗಕ್ಕೆ ಹೋಗುತ್ತದೆ. ಗುಂಬ ಸವೆದ ಚಕ್ಕಡಿಯ ಗಾಲಿಯನ್ನು ಕೈಯಿಂದ ನೆಟ್ಟಗೆ ಹಿಡಿದು ನಿಲ್ಲಿಸಿದರೆ ಅದು ನೆಟ್ಟಗೆ ಓಡೀತೆ?

ಮೂರು ಕೋನಗಳು

ಮುಂದಿನ ಗಾಲಿಗಳ ನಿಲುವನ್ನು ಮೂರು ಕಡೆಯಿಂದ ನೋಡಿ ಹೇಳುವುದು ರೂಢಿ. ಮೇಲಿನಿಂದ ನೋಡಿದಾಗ ಎರಡು ಗಾಲಿಗಳ ಮುಂಭಾಗ ಒಂದಕ್ಕೊಂದು ಸ್ವಲ್ಪ ಹತ್ತಿರವಾಗಿದ್ದರೆ ಅದು ಟೋ-ಇನ್, ದೂರವಾಗಿದ್ದರೆ ಟೋ-ಔಟ್. ಕಾಲಿನ ಹೆಬ್ಬೆರಳುಗಳನ್ನು ಒಳಕ್ಕೆ ಅಥವಾ ಹೊರಕ್ಕೆ ತಿರುಗಿಸಿ ನಡೆಯುವವರನ್ನು ನೆನೆದರೆ ಇದು ತಿಳಿಯುತ್ತದೆ. ಗಾಡಿಯ ಎದುರು ನಿಂತು ನೋಡಿದಾಗ ಗಾಲಿಯ ತಲೆ ಹೊರಕ್ಕೆ ಅಥವಾ ಒಳಕ್ಕೆ ವಾಲಿರುವುದು ಕ್ಯಾಂಬರ್. ಮಗ್ಗುಲಿನಿಂದ ನೋಡಿದಾಗ, ಗಾಲಿ ಯಾವ ಗೂಟದ ಸುತ್ತ ಎಡಬಲ ತಿರುಗುತ್ತದೆಯೋ ಆ ಗೂಟ ಹಿಂದಕ್ಕೆ ಓರೆಯಾಗಿರುವುದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಕವಲು ಓರೆಯಾಗಿರುವುದನ್ನು ಎಲ್ಲರೂ ಕಂಡಿದ್ದಾರೆ. ಕೈ ಬಿಟ್ಟರೂ ಸೈಕಲ್ಲು ಸ್ವಲ್ಪ ದೂರ ನೇರ ಹೋಗುವುದಕ್ಕೆ ಆ ಓರೆಯೂ ಒಂದು ಕಾರಣ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರನ್ನು ದಾರಿಗೆ ತರಲು ಗಾಲಿಗೆ ಕಟ್ಟಿಗೆ ಕೊಡುವವರು ಬೇಕು. ಕಾರು ಹಾಗಲ್ಲ, ತಿರುವು ಮುಗಿದ ಮೇಲೆ ಅದು ತಾನಾಗಿಯೇ ನೇರಕ್ಕೆ ಮರಳಬೇಕು.

ಮೂರರ ಕೆಲಸ ಬೇರೆ ಬೇರೆ ಎಂಬುದನ್ನು ನೆನಪಿಡಬೇಕು. ಟೋ ತಪ್ಪಿದರೆ ಎಳೆತಕ್ಕಿಂತ ಸವೆತ ಹೆಚ್ಚು. ಎರಡು ಗಾಲಿಗಳ ಕ್ಯಾಂಬರ್ ಸಮನಾಗಿಲ್ಲದಿದ್ದರೆ, ಯಾವ ಗಾಲಿಯ ತಲೆ ಹೆಚ್ಚು ಹೊರವಾಲಿದೆಯೋ ಆ ಕಡೆಗೆ ಗಾಡಿ ಎಳೆಯುತ್ತದೆ. ಕ್ಯಾಸ್ಟರ್ ಸಮನಾಗಿಲ್ಲದಿದ್ದರೆ ಕಡಿಮೆ ಇರುವ ಕಡೆಗೆ ಎಳೆಯುತ್ತದೆ; ಆದರೆ ಟೈರನ್ನು ಅಷ್ಟಾಗಿ ಸವೆಸುವುದಿಲ್ಲ.

ಟೋ ಎಷ್ಟು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಮಾರುತಿ 800ರ 12 ಅಂಗುಲದ ಗಾಲಿಗೆ ಹಾಕುವ ಟೈರಿನ ಹೊರವ್ಯಾಸ ಸುಮಾರು 51 ಸೆಂ.ಮೀ. ಟೈರಿನ ಮೈಮೇಲೆ ಅಳೆದಾಗ ಟೋ ಇರಬೇಕಾದುದಕ್ಕಿಂತ ಕೇವಲ 5 ಮಿ.ಮೀ. ತಪ್ಪಿದ್ದರೆ, ಪ್ರತಿಯೊಂದು ಮುಂಗಾಲಿ ಪ್ರತಿ ಕಿಲೋಮೀಟರಿಗೆ ಸುಮಾರು 5 ಮೀಟರಿನಷ್ಟು ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಇದು 5 ಕಿಲೋಮೀಟರಾಯಿತು. ಟೈರನ್ನು ಹಗ್ಗ ಕಟ್ಟಿ ಅಡ್ಡ ಮಲಗಿಸಿ ಒಂದು ಹಳ್ಳಿಯಿಂದ ಮುಂದಿನ ಹಳ್ಳಿಯವರೆಗೆ ಡಾಂಬರಿನ ಮೇಲೆ ಎಳೆದುಕೊಂಡು ಹೋದಷ್ಟೇ ಸವೆತ.

ಟೈರನ್ನು ಓದುವುದು

ಯಾವ ಯಂತ್ರಕ್ಕೂ ಮುನ್ನ ಟೈರೇ ಸಾಕ್ಷಿ ಹೇಳುತ್ತದೆ. ಗಾಡಿ ನಿಲ್ಲಿಸಿ, ಟೈರು ತಣ್ಣಗಾದ ಮೇಲೆ, ಅಂಗೈಯನ್ನು ಅದರ ಮೈಮೇಲೆ ಅಡ್ಡಲಾಗಿ ಸವರಬೇಕು. ಮೊದಲು ತಂತಿ, ಗಾಜಿನ ಚೂರು, ಮುಳ್ಳು ಇವೆಯೇ ಎಂದು ಕಣ್ಣಿನಿಂದ ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ಕಡೆಯ ಜಾಲಿಮುಳ್ಳು ರಬ್ಬರಿನಲ್ಲಿ ತಿಂಗಳುಗಟ್ಟಲೆ ಅಡಗಿರುತ್ತದೆ.

ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪಾಗಿದ್ದು, ಒಳಗಿನಿಂದ ಹೊರಕ್ಕೆ ಎಳೆದಾಗ ಗರಗಸದ ಹಲ್ಲಿನಂತೆ ಕೈಗೆ ಚುಚ್ಚಿದರೆ ಟೋ-ಇನ್ ಹೆಚ್ಚಾಗಿದೆ. ಇದಕ್ಕೆ ವಿರುದ್ಧವಾಗಿದ್ದರೆ ಟೋ-ಔಟ್. ಟೋ-ಇನ್ ಹೆಚ್ಚಾದಾಗ ಹೊರ ಅಂಚು, ಟೋ-ಔಟ್ ಆದಾಗ ಒಳ ಅಂಚು ಬೇಗ ತೆಳುವಾಗುತ್ತದೆ. ಒಂದೇ ಅಂಚು ಸವೆದಿದ್ದು, ಹಲ್ಲಿನ ಗುರುತು ಇಲ್ಲದೆ ನುಣ್ಣಗಿದ್ದರೆ ಸಂಶಯ ಕ್ಯಾಂಬರಿನ ಮೇಲೆ. ಒಳ ಅಂಚಿನ ಸವೆತ ಎದುರಿಗೆ ನಿಂತವರಿಗೆ ಕಾಣುವುದಿಲ್ಲವಾದ್ದರಿಂದ ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ನೋಡಬೇಕು. ಒಳಗಿನ ನೂಲು ಹೊರಬಂದಿದ್ದರೂ ಹೊರಗಿನಿಂದ ಟೈರು ಹೊಸದರಂತೆ ಕಾಣುವುದುಂಟು.

ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆ ಇತ್ತು. ನಡುವೆ ಸವೆದಿದ್ದರೆ ಗಾಳಿ ಹೆಚ್ಚಿತ್ತು. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್, ಬೇರಿಂಗ್ ಅಥವಾ ಬ್ಯಾಲೆನ್ಸಿಂಗ್ ಕಡೆ ಗಮನ ಕೊಡಬೇಕು. ಇವಕ್ಕೆ ಅಲೈನ್‌ಮೆಂಟ್ ಮದ್ದಲ್ಲ.

ಅಲೈನ್‌ಮೆಂಟ್ ಅಲ್ಲದ ದೋಷಗಳು

ಗಂಗಾವತಿ ಭಾಗದಲ್ಲಿ ಒಂದು ವಿಶೇಷವಿದೆ. ನಾಟಿಯ ಕಾಲದಲ್ಲಿ ಕಾಲುವೆ ಬದಿಯ ದಾರಿಯಲ್ಲಿ ಓಡಾಡಿದ ಕಾರಿನ ಗಾಲಿಯ ಒಳಬದಿಗೆ ಎರೆಮಣ್ಣು ಮೆತ್ತಿ ಒಣಗಿ ಗಟ್ಟಿಯಾಗುತ್ತದೆ. ಡಾಂಬರು ರಸ್ತೆಗೆ ಬಂದು ಗಂಟೆಗೆ 60-80 ಕಿ.ಮೀ. ವೇಗದಲ್ಲಿ ಹೋದಾಗ ಸ್ಟೀರಿಂಗು ಗಡಗಡ ನಡುಗುತ್ತದೆ. ಇದು ಬ್ಯಾಲೆನ್ಸ್ ತಪ್ಪಿದ್ದರಿಂದ ಬರುವ ನಡುಕವೇ ಹೊರತು ಗಾಲಿಯ ಓರೆಯಲ್ಲ. ಗಾಲಿಯ ಒಳಬದಿಯನ್ನು ನೀರಿನಿಂದ ಚೆನ್ನಾಗಿ ತೊಳೆದರೆ ಎಷ್ಟೋ ಸಲ ಅಲ್ಲಿಗೇ ತೊಂದರೆ ಮುಗಿಯುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯ ಗರಸು ರಸ್ತೆಗಳಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿ ಕಲ್ಲಿಗೆ, ಗುಂಡಿಗೆ ಬಡಿದು ಗಾಲಿಯ ಅಂಚೇ ಮಣಿದಿರುತ್ತದೆ. ಗಾಲಿಯನ್ನು ಎತ್ತಿ ತಿರುಗಿಸಿ, ಒಂದು ಕಡ್ಡಿಯನ್ನು ಅಂಚಿಗೆ ಹತ್ತಿರ ಹಿಡಿದರೆ ಅಂಕುಡೊಂಕು ತಿಳಿಯುತ್ತದೆ.

ಗಾಡಿ ಎಡಕ್ಕೆ ಹೋಗುತ್ತದೆ ಎನ್ನುವವರು ಮೊದಲು ರಸ್ತೆಯನ್ನು ನೋಡಬೇಕು. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರಿಸಿ ಬದಿಗಳನ್ನು ಇಳಿಜಾರು ಮಾಡಿರುತ್ತಾರೆ. ಎಡಬದಿಯಲ್ಲಿ ಹೋಗುವ ಗಾಡಿ ತುಸು ಎಡಕ್ಕೆ ಜಾರುವುದು ಸಹಜ. ಸಮತಟ್ಟಾದ, ಓಡಾಟವಿಲ್ಲದ ಜಾಗದಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ, ಕೈಯನ್ನು ಪೂರ್ತಿ ಬಿಡದೆ ಹಿಡಿತ ಮಾತ್ರ ಸಡಿಲಿಸಿ ಪರೀಕ್ಷಿಸಬೇಕು. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ದೋಷ ಬ್ರೇಕಿನದು. ಸದಾ ಎಳೆಯುತ್ತಿದ್ದು, ಸ್ವಲ್ಪ ದೂರ ಹೋಗಿ ನಿಂತಾಗ ಒಂದು ಗಾಲಿ ಇನ್ನೊಂದಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಆ ಕಡೆಯ ಬ್ರೇಕ್ ಹಿಡಿದುಕೊಂಡಿದೆ. ಅಂಗೈಯನ್ನು ಹತ್ತಿರ ತಂದರೆ ಸಾಕು, ಮುಟ್ಟಿದರೆ ಸುಡಬಹುದು.

ಇನ್ನೊಂದು ಸುಲಭ ಪರೀಕ್ಷೆ: ಮುಂದಿನ ಎರಡು ಗಾಲಿಗಳನ್ನು ಅದಲುಬದಲು ಮಾಡಿ ಓಡಿಸುವುದು. ಎಡಕ್ಕೆ ಎಳೆಯುತ್ತಿದ್ದ ಗಾಡಿ ಈಗ ಬಲಕ್ಕೆ ಎಳೆದರೆ ಅಥವಾ ಎಳೆತ ನಿಂತರೆ ದೋಷ ಟೈರಿನೊಳಗೇ ಇದೆ. ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರುಗಳನ್ನು ಮಾತ್ರ ಹೀಗೆ ಬದಲಿಸಬಾರದು.

ಸಡಿಲ ಹುಡುಕುವುದು

ಇದು ಇಬ್ಬರು ಮಾಡುವ ಕೆಲಸ. ಗಾಡಿಯನ್ನು ಗಟ್ಟಿನೆಲದಲ್ಲಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಮುಂಗಾಲಿಯನ್ನು ಜ್ಯಾಕಿನಿಂದ ಎತ್ತಿದ ಮೇಲೆ ಚಾಸಿಯ ಕೆಳಗೆ ದಪ್ಪ ಮರದ ದಿಮ್ಮಿ ಅಥವಾ ಸ್ಟ್ಯಾಂಡು ಇಡತಕ್ಕದ್ದು. ಜ್ಯಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಯಾರೂ ತಲೆ ಹಾಕಕೂಡದು. ಎರೆಭೂಮಿಯಲ್ಲಿ ಜ್ಯಾಕು ಹೂತುಹೋಗುವುದು ಕ್ಷಣದ ಕೆಲಸ. ಸ್ಟೀರಿಂಗಿನ ಬೀಗ ಬೀಳದಂತೆ ಕೀಲಿಯನ್ನು ತಿರುಗಿಸಿ ಇಟ್ಟಿರಬೇಕು.

ಗಡಿಯಾರದ 12 ಮತ್ತು 6ರ ಜಾಗದಲ್ಲಿ, ಅಂದರೆ ಗಾಲಿಯ ತಲೆ ಮತ್ತು ಬುಡವನ್ನು ಹಿಡಿದು ಒಳಕ್ಕೆ ಹೊರಕ್ಕೆ ಅಲುಗಾಡಿಸಬೇಕು. ಲಟಕ್ ಎಂದು ಸದ್ದಾದರೆ ಬೇರಿಂಗ್ ಇಲ್ಲವೆ ಬಾಲ್ ಜಾಯಿಂಟ್ ಸವೆದಿದೆ. ಅಂಬಾಸಿಡರ್, ಜೀಪುಗಳಂಥ ಗಾಡಿಗಳಾದರೆ ಗಾಲಿ ತಿರುಗುವ ಪಿನ್ನು ಮತ್ತು ಬುಷ್ಷು. ಎರಡರಲ್ಲಿ ಯಾವುದು? ಒಳಗೆ ಕುಳಿತವರು ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಲಿ. ಆಗ ಅಲುಗಾಟ ನಿಂತರೆ ಬೇರಿಂಗಿನದು, ನಿಲ್ಲದಿದ್ದರೆ ಜಾಯಿಂಟಿನದು ಅಥವಾ ಪಿನ್ನಿನದು. ಅನಂತರ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲುಗಾಡಿಸಬೇಕು. ಇಲ್ಲಿ ಮಾತ್ರ ಆಟವಿದ್ದರೆ ಟೈ ರಾಡಿನ ತುದಿ ಅಥವಾ ಸ್ಟೀರಿಂಗ್ ಪೆಟ್ಟಿಗೆ.

ಗಾಡಿಯನ್ನು ಇಳಿಸಿದ ಮೇಲೆ ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಎರಡು ಬೆರಳಿನಷ್ಟು ತಿರುಗಿಸುತ್ತಿರಲಿ, ಇನ್ನೊಬ್ಬರು ಒಂದೊಂದೇ ಸಂದನ್ನು ಕೈಯಿಂದ ಹಿಡಿದು ನೋಡಲಿ. ಸರಳು ಚಲಿಸಿದ ಕ್ಷಣವೇ ಮುಂದಿನ ತುಂಡು ಚಲಿಸಬೇಕು. ನಡುವೆ ಕೈಗೆ ಟಕ್ ಎಂದು ತಾಗಿದರೆ ಆ ಸಂದು ಸವೆದಿದೆ. ಕೆಳತೋಳಿನ ರಬ್ಬರ್ ಬುಷ್ಷು ಬಿರಿದಿದೆಯೇ ನೋಡಬೇಕು. ನಮ್ಮ ಭಾಗದ ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ಹಳೆಯ ರಬ್ಬರು ಸೆಟೆದು ಸೀಳುತ್ತದೆ. ಈ ಬುಷ್ಷು ಹೋದ ಗಾಡಿಯಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಗಾಲಿ ಹಿಂದಕ್ಕೆ ಸರಿದು ಕ್ಯಾಸ್ಟರೂ ಟೋವೂ ಒಟ್ಟಿಗೆ ಬದಲಾಗುತ್ತವೆ. ನಿಂತ ಗಾಡಿಯನ್ನು ಅಳೆಯುವ ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ.

ಸ್ಪ್ರಿಂಗು ಕುಸಿದಿದೆಯೇ ಎಂದು ತಿಳಿಯಲು ಗಾಲಿಯ ನಡುಭಾಗದಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಬದಿ ಅಳೆದು ಹೋಲಿಸಿದರೆ ಸಾಕು. ಹಾಗೆಯೇ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗಿನ ದೂರವೂ ಎರಡು ಬದಿಯಲ್ಲಿ ಸಮನಾಗಿರಬೇಕು. ಪಟ್ಟಿ ಸ್ಪ್ರಿಂಗಿನ ಗಾಡಿಗಳಲ್ಲಿ ಪಟ್ಟಿಗಳನ್ನು ಹಿಡಿದಿಡುವ ನಡುವಿನ ಬೋಲ್ಟು ತುಂಡಾದರೆ ಹಿಂದಿನ ಅಚ್ಚು ಒಂದು ಬದಿಗೆ ಸರಿದು, ಗಾಡಿ ಏಡಿಯಂತೆ ಓರೆಯಾಗಿ ಓಡುತ್ತದೆ. ಮುಂಗಾಲಿಗಳನ್ನು ಎಷ್ಟು ಸರಿಪಡಿಸಿದರೂ ಸ್ಟೀರಿಂಗು ನೇರ ನಿಲ್ಲುವುದಿಲ್ಲ. ಒದ್ದೆ ಗಾಲಿಗಳಿಂದ ಒಣ ಸಿಮೆಂಟು ನೆಲದ ಮೇಲೆ ನೇರ ಓಡಿಸಿ ಗುರುತು ನೋಡಿದರೆ, ಹಿಂಗಾಲಿಯ ಜಾಡು ಎರಡೂ ಬದಿಯಲ್ಲಿ ಮುಂಗಾಲಿಯ ಜಾಡಿಗೆ ಒಂದೇ ರೀತಿ ಹೊಂದಿಕೊಂಡಿದೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ.

ಕಣದಲ್ಲಿ ಟೋ ಅಳೆಯುವ ವಿಧಾನ

ಸಡಿಲವಿಲ್ಲವೆಂದು ಖಚಿತವಾದ ಮೇಲೆ ಟೋ ಅಳೆಯಬಹುದು. ಇದಕ್ಕೆ ಬೇಕಾದದ್ದು ಸಮತಟ್ಟಾದ ಸಿಮೆಂಟು ಕಣ, ಗೌಂಡಿಗಳ ತೂಗುಗುಂಡು, ಸುಣ್ಣದ ಕಡ್ಡಿ, ಒಂದು ಅಳತೆಪಟ್ಟಿ. ಬೆಳಗಿನ ತಂಪಿನಲ್ಲಿ ನಾಲ್ಕೂ ಟೈರುಗಳ ಗಾಳಿಯನ್ನು ಕೈಪಿಡಿಯಲ್ಲಿರುವಂತೆ ಸರಿಮಾಡಿ, ಗಾಡಿಯನ್ನು ಕೆಲವು ಮೀಟರು ನೇರ ಮುಂದಕ್ಕೆ ತಳ್ಳಿ ನಿಲ್ಲಿಸಬೇಕು. ಸ್ಟೀರಿಂಗು ನೇರವಿರಲಿ.

ಮುಂದಿನ ಎರಡೂ ಟೈರುಗಳ ಹಿಂಭಾಗದಲ್ಲಿ, ಗಾಲಿಯ ನಡುವಿನ ಎತ್ತರಕ್ಕೆ ಸರಿಯಾಗಿ, ಮೈಯ ನಟ್ಟನಡುವೆ ಒಂದೊಂದು ಸಣ್ಣ ಗುರುತು ಮಾಡಬೇಕು. ಆ ಗುರುತಿನಿಂದ ತೂಗುಗುಂಡನ್ನು ಇಳಿಬಿಟ್ಟು ನೆಲದ ಮೇಲೆ ಚುಕ್ಕೆ ಇಡಬೇಕು. ಈಗ ಗಾಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ಅದೇ ಗುರುತುಗಳು ಟೈರಿನ ಮುಂಭಾಗದಲ್ಲಿ ಅದೇ ಎತ್ತರಕ್ಕೆ ಬಂದಾಗ ನಿಲ್ಲಿಸಬೇಕು. 12 ಅಂಗುಲದ ಗಾಲಿಗೆ ಇದು ಸುಮಾರು 80 ಸೆಂ.ಮೀ. ದೂರ. ಮತ್ತೆ ತೂಗುಗುಂಡು ಇಳಿಸಿ ಚುಕ್ಕೆ ಇಟ್ಟು, ಗಾಡಿಯನ್ನು ಆಚೆ ತೆಗೆದು, ಹಿಂದಿನ ಎರಡು ಚುಕ್ಕೆಗಳ ನಡುವಿನ ದೂರವನ್ನೂ ಮುಂದಿನ ಎರಡರ ನಡುವಿನ ದೂರವನ್ನೂ ಅಳೆಯಬೇಕು. ಮುಂದಿನದು ಕಡಿಮೆ ಇದ್ದರೆ ಆ ವ್ಯತ್ಯಾಸವೇ ಟೋ-ಇನ್, ಹೆಚ್ಚಿದ್ದರೆ ಟೋ-ಔಟ್. ಒಂದೇ ಗುರುತನ್ನು ಹಿಂದೆಯೂ ಮುಂದೆಯೂ ಬಳಸುವುದರಿಂದ ಗಾಲಿ ತುಸು ಸೊಟ್ಟಗಿದ್ದರೂ ಅಳತೆ ಕೆಡುವುದಿಲ್ಲ. ತಳ್ಳುವಾಗ ಗಾಡಿ ಮುಂದೆ ಹೋಗಿಬಿಟ್ಟರೆ ಹಿಂದಕ್ಕೆ ಎಳೆಯದೆ ಮೊದಲಿನಿಂದ ಮಾಡಬೇಕು. ಹಿಂದೆ ಸರಿದಾಗ ಸಂದುಗಳು ಬೇರೆ ಕಡೆಗೆ ಒತ್ತಿಕೊಂಡು ಅಳತೆ ಬದಲಾಗುತ್ತದೆ. ಮೂರು ಸಲ ಅಳೆದು ಮೂರೂ ಒಂದು ಮಿಲಿಮೀಟರಿನೊಳಗೆ ಹೊಂದಿದರೆ ನಂಬಬಹುದು.

ಎಷ್ಟಿರಬೇಕೆಂಬುದಕ್ಕೆ ಆಯಾ ಗಾಡಿಯ ಕೈಪಿಡಿಯೇ ಪ್ರಮಾಣ. ಆ ಅಂಕಿ ಗಾಲಿಯ ಕಬ್ಬಿಣದ ಅಂಚಿನಲ್ಲಿ ಅಳೆದದ್ದೋ ಟೈರಿನ ಮೈಮೇಲೆ ಅಳೆದದ್ದೋ ನೋಡಿಕೊಳ್ಳಬೇಕು. ಒಂದೇ ಓರೆಗೆ ಟೈರಿನ ಮೇಲಿನ ಅಂಕಿ ಹೆಚ್ಚು ಬರುತ್ತದೆ. ಕ್ಯಾಂಬರ್, ಕ್ಯಾಸ್ಟರುಗಳನ್ನು ಕಣದಲ್ಲಿ ನಂಬಿಕೆಗೆ ತಕ್ಕಂತೆ ಅಳೆಯುವುದು ಕಷ್ಟ. ಅವಕ್ಕೆ ಅಂಗಡಿಯ ಯಂತ್ರವೇ ಬೇಕು.

ಅಂಗಡಿಯಲ್ಲಿ ಕೇಳಬೇಕಾದದ್ದು

ಯಂತ್ರಕ್ಕೆ ಹತ್ತಿಸುವ ಮೊದಲು ಗಾಲಿಗಳ ಆಟ ನೋಡಿದಿರಾ ಎಂದು ಕೇಳಲು ರೈತರು ಸಂಕೋಚಪಡಬಾರದು. ಹೊಂದಾಣಿಕೆಗೆ ಮುಂಚಿನ ಮತ್ತು ಅನಂತರದ ಅಂಕಿಗಳ ಚೀಟಿಯನ್ನು ಪಡೆದು ಗಾಡಿಯ ಕಾಗದಗಳೊಂದಿಗೆ ಇಡಬೇಕು. ಪರದೆಯ ಮೇಲೆ ಹಸಿರು ಬಣ್ಣ ಬಂದಿತೆಂದರೆ ಗಾಲಿ ಆ ಕ್ಷಣಕ್ಕೆ ಸರಿಯಾಗಿ ನಿಂತಿದೆ ಎಂದಷ್ಟೇ ಅರ್ಥ. ಸ್ಟೀರಿಂಗು ನೇರವಿರುವಾಗ ಎರಡೂ ಟೈ ರಾಡುಗಳನ್ನು ಹೊಂದಿಸಬೇಕು. ಒಂದನ್ನೇ ತಿರುಗಿಸಿದರೆ ಟೋ ಸರಿಬಂದರೂ ಸ್ಟೀರಿಂಗು ಓರೆಯಾಗಿಯೇ ಉಳಿಯುತ್ತದೆ.

ಮಾರುತಿ 800ರಂಥ ಗಾಡಿಗಳಲ್ಲಿ ಕ್ಯಾಂಬರ್, ಕ್ಯಾಸ್ಟರುಗಳನ್ನು ತಿರುಪಿನಿಂದ ಬದಲಿಸುವ ಏರ್ಪಾಡೇ ಇಲ್ಲ. ಅಲ್ಲಿ ಅಂಕಿ ತಪ್ಪಿ ಬಂದರೆ ಯಾವುದೋ ಭಾಗ ಬಾಗಿದೆ ಅಥವಾ ಸವೆದಿದೆ ಎಂದೇ ತಿಳಿಯಬೇಕು. ಕೆಲವು ಕಡೆ ಜ್ಯಾಕು ಕೊಟ್ಟು ಸ್ಟ್ರಟ್ಟನ್ನೇ ಒತ್ತಿ ಬಾಗಿಸಿ ಅಂಕಿ ಹೊಂದಿಸುವ ರೂಢಿಯಿದೆ. ಇದಕ್ಕೆ ಒಪ್ಪಬಾರದು. ಒಮ್ಮೆ ಬಾಗಿಸಿದ ಕಬ್ಬಿಣ ಗುಂಡಿಗೆ ಬಿದ್ದಾಗ ಎಲ್ಲಿ ಮುರಿಯುತ್ತದೆಂದು ಯಾರೂ ಹೇಳಲಾರರು. ಕೆಟ್ಟ ಭಾಗವನ್ನು ಬದಲಿಸುವ ಖರ್ಚು ಹೆಚ್ಚೆನಿಸಿದರೂ ಬೇರೆ ದಾರಿಯಿಲ್ಲ. ಬಾಲ್ ಜಾಯಿಂಟ್, ಟೈ ರಾಡ್ ತುದಿ, ಸ್ಟ್ರಟ್ ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಆಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಮೊದಲು ಮಾಡಿಸಿ ಆಮೇಲೆ ಬದಲಿಸಿದರೆ ಹಣ ಎರಡು ಸಲ ಹೋಗುತ್ತದೆ.

ಹಳೆಯ ಕಾರು ಕೊಳ್ಳುವಾಗ

ಮಾರುವವರು ಮುಂದಿನ ಎರಡು ಟೈರುಗಳನ್ನು ಹೊಸದಾಗಿ ಹಾಕಿಸಿದ್ದರೆ ಸಂತೋಷಪಡುವ ಮೊದಲು ಸ್ಟೆಪ್ನಿಯನ್ನು ಹೊರತೆಗೆದು ನೋಡಬೇಕು. ಮುಂಗಾಲಿಯಲ್ಲಿ ಸವೆದ ಟೈರನ್ನು ಅಲ್ಲಿ ಇಟ್ಟಿರುವುದು ಸಾಮಾನ್ಯ. ಅದರ ಒಂದು ಅಂಚು ಮಾತ್ರ ಬೋಳಾಗಿದ್ದರೆ ಹೊಸ ಟೈರುಗಳಿಗೂ ಅದೇ ಗತಿ ಕಾದಿದೆ. ಹಾಗೆಂದು ಅಂಥ ಗಾಡಿ ಬೇಡವೇ ಬೇಡ ಎಂದಲ್ಲ. ದೋಷ ಟೈ ರಾಡಿನ ತುದಿಯದಾದರೆ ಸಣ್ಣ ಖರ್ಚು. ಚಾಸಿ ಬಾಗಿದ್ದರೆ ಮಾತ್ರ ಆ ವ್ಯಾಪಾರ ಬಿಡುವುದು ಲೇಸು.

ಟ್ರ್ಯಾಕ್ಟರಿಗೆ ಅನ್ವಯಿಸುವ ಮಾತು

ಎರಡು ಗಾಲಿ ಚಾಲನೆಯ ಟ್ರ್ಯಾಕ್ಟರಿನ ಮುಂದಿನ ಅಚ್ಚಿನಲ್ಲಿ ಕ್ಯಾಂಬರ್, ಕ್ಯಾಸ್ಟರುಗಳು ತಯಾರಿಯಲ್ಲೇ ಕೂಡಿಬಂದಿರುತ್ತವೆ. ಅವು ತಪ್ಪುವುದು ಅಚ್ಚಿನ ನಡುವಿನ ಪಿನ್ನು, ಕಿಂಗ್ ಪಿನ್ನಿನ ಬುಷ್ಷು ಸವೆದಾಗ. ಕೆಸರುಗದ್ದೆಯಲ್ಲಿ ದುಡಿಯುವ ಗಂಗಾವತಿಯ ಟ್ರ್ಯಾಕ್ಟರುಗಳಲ್ಲಿ ನೀರು-ಮಣ್ಣು ಒಳಸೇರಿ ಈ ಬುಷ್ಷುಗಳು ಬೇಗ ಹೋಗುತ್ತವೆ. ಗದ್ದೆಯಿಂದ ಬಂದ ದಿನವೇ ಹಳೆಯ ಗ್ರೀಸು ಕೆಸರಿನೊಂದಿಗೆ ಹೊರಬರುವವರೆಗೆ ಹೊಸ ಗ್ರೀಸು ತುಂಬುವುದು ಅಗತ್ಯ.

ಕುಷ್ಟಗಿ, ಯಲಬುರ್ಗಾ ಕಡೆ ತೊಗರಿ, ಜೋಳದ ಸಾಲುಗಳ ನಡುವೆ ಎಡೆ ಹೊಡೆಯಲು ಮುಂದಿನ ಗಾಲಿಗಳ ಅಗಲವನ್ನು ಹೆಚ್ಚು ಕಡಿಮೆ ಮಾಡುವವರು ಒಂದು ವಿಷಯ ಮರೆಯುತ್ತಾರೆ. ಅಚ್ಚಿನ ತೋಳನ್ನು ಎಷ್ಟು ಹೊರಕ್ಕೆ ಎಳೆದರೋ, ಆ ಬದಿಯ ಸ್ಟೀರಿಂಗ್ ಸರಳನ್ನೂ ಅಷ್ಟೇ ಉದ್ದ ಮಾಡಿ, ಟೋವನ್ನು ಹೊಸದಾಗಿ ಅಳೆಯಬೇಕು. ಮುಂಗಾಲಿಗಳ ನಡುವೆ ಬಯಲಿರುವುದರಿಂದ ಇಲ್ಲಿ ತೂಗುಗುಂಡೂ ಬೇಕಿಲ್ಲ. ಗುರುತಿನಿಂದ ಗುರುತಿಗೆ ಪಟ್ಟಿ ಹಿಡಿದು ನೇರವಾಗಿ ಅಳೆಯಬಹುದು. ಭತ್ತ ತುಂಬಿದ ಟ್ರೇಲರನ್ನು ಎಳೆದುಕೊಂಡು ಹೆದ್ದಾರಿಗೆ ಇಳಿಯುವ ಟ್ರ್ಯಾಕ್ಟರಿನಲ್ಲಿ ಸ್ಟೀರಿಂಗ್ ಸರಳಿನ ಸಡಿಲ ಕಾರಿನದಕ್ಕಿಂತ ಹೆಚ್ಚು ಅಪಾಯಕಾರಿ. ಭಾರ ಹಿಂದಕ್ಕೆ ಬಿದ್ದಾಗ ಮುಂಗಾಲಿಗಳು ಮೊದಲೇ ಹಗುರವಾಗಿರುತ್ತವೆ.

ಕಾರಾಗಲಿ ಟ್ರ್ಯಾಕ್ಟರಾಗಲಿ, ಹೊಂದಾಣಿಕೆ ಆದ ದಿನ ಮೀಟರಿನ ಅಂಕಿಯನ್ನೂ ಟೈರಿನ ಒಳ, ನಡು, ಹೊರ ಭಾಗದ ಗೀರುಗಳ ಆಳವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆಳ ಅಳೆಯಲು ಬೆಂಕಿಕಡ್ಡಿ ಮತ್ತು ಮಿಲಿಮೀಟರಿನ ಪಟ್ಟಿ ಸಾಕು. ಕಾರು 1,000 ಕಿ.ಮೀ. ಓಡಿದ ಮೇಲೆ, ಟ್ರ್ಯಾಕ್ಟರು ಒಂದು ಹಂಗಾಮು ದುಡಿದ ಮೇಲೆ, ಅದೇ ಜಾಗಗಳಲ್ಲಿ ಮತ್ತೆ ಅಳೆದು ಅಂಗೈ ಸವರಿ ನೋಡಬೇಕು. ಮೂರೂ ಕಡೆ ಒಂದೇ ಸಮ ಇಳಿದಿದ್ದರೆ ಕೆಲಸ ಸರಿಯಾಗಿದೆ. ಒಂದು ಅಂಚು ಮಾತ್ರ ಇಳಿದಿದ್ದರೆ ಅಂಗಡಿಗೆ ಹೋಗುವ ಮೊದಲು ಗಾಲಿಯನ್ನು ಮತ್ತೊಮ್ಮೆ ಎತ್ತಿ ಅಲುಗಾಡಿಸಬೇಕು.